ಒಂದೇ ಸಿಲಿಂಡರ್, ನಾಲ್ಕು ಮಾಸ್ಕ್: ಸಂಪಾದಕರ ಉತ್ತರ

ಪತ್ರ: "ನನ್ನ ಮಗಳು 2021ರ ಕೋವಿಡ್ ಎರಡನೇ ಅಲೆಯಲ್ಲಿ ಕ್ಯಾಶುವಾಲ್ಟಿಯ ಡ್ಯೂಟಿ ಡಾಕ್ಟರ್ ಆಗಿದ್ದಳು. ಈಗಲೂ ಆ ರಾತ್ರಿಗಳ ಮಾತು ಬಂದರೆ ಎದ್ದು ಹೋಗುತ್ತಾಳೆ. ಕೆಲಸ ಜಾಸ್ತಿಯಾಗಿ ಸುಸ್ತಾಗಿರಬೇಕು. ಯೋಗ ಶಿಬಿರಕ್ಕೆ ಕಳಿಸಿದರೆ ಸರಿಹೋದೀತೇ?" – ಹಾಸನ ಜಿಲ್ಲೆಯ ಓದುಗರು

ಉತ್ತರ: ಶಿಬಿರಕ್ಕೆ ಹೋಗಿಬರಲಿ, ಅಡ್ಡಿಯಿಲ್ಲ. ಆದರೆ ಬರೀ ಸುಸ್ತಾಗಿದ್ದರೆ ಇಷ್ಟು ಹೊತ್ತಿಗೆ ಇಳಿಯಬೇಕಿತ್ತು. ಏನು ಮಾಡಬೇಕೆಂದು ಚೆನ್ನಾಗಿ ಗೊತ್ತಿದ್ದೂ ಮಾಡಲು ಬಿಡದ ವ್ಯವಸ್ಥೆಯಲ್ಲಿ ಸಿಕ್ಕಿಕೊಂಡವರ ನೋವು ಬೇರೆ. ಅಮೆರಿಕದ ತತ್ತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ನರ್ಸುಗಳ ಕೆಲಸದ ಬಗ್ಗೆ ಬರೆಯುತ್ತ ಇದನ್ನೇ ನೈತಿಕ ಸಂಕಟವೆಂದು ಗುರುತಿಸಿದರು. ಸಂದರ್ಭ ಮುಗಿದರೂ ಇದು ಪಾತ್ರೆಯ ತಳದ ಗಸಿಯಂತೆ ಉಳಿಯುತ್ತದೆ.

ಆ ರಾತ್ರಿಗಳ ಲೆಕ್ಕವನ್ನೇ ನೋಡಿ. ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್. ಚೀಲವಿರುವ ಮಾಸ್ಕಿಗೆ ನಿಮಿಷಕ್ಕೆ 15 ಲೀಟರಿನಂತೆ ಬಿಟ್ಟರೆ ಹೆಚ್ಚೆಂದರೆ ಏಳೂಮುಕ್ಕಾಲು ಗಂಟೆ. ಮೂಗಿನ ಕೊಳವೆಯಿಂದ ರಭಸವಾಗಿ ಗಾಳಿ ಹಾಯಿಸುವ ಹೈ ಫ್ಲೋ ಯಂತ್ರದಲ್ಲಿ ಪೂರ್ತಿ ಆಕ್ಸಿಜನ್ ಕೊಟ್ಟು 60 ಲೀಟರಿಗೆ ಏರಿಸಿದರೆ ಎರಡು ಗಂಟೆಯೂ ಬರದು. ಅಂದರೆ ಒಬ್ಬರಿಗೆ ಹೈ ಫ್ಲೋ ಹಾಕುವುದೆಂದರೆ ನಾಲ್ಕು ಮಾಸ್ಕಿನ ಪಾಲು ತೆಗೆಯುವುದು. ಸಿಲಿಂಡರಿನ ವಾಲ್ವ್ ತಿರುಗಿಸುವ ಕೈಗೆ ಇದು ಗೊತ್ತಿರುತ್ತದೆ. 2021ರ ಮೇ ಮೊದಲ ವಾರ ಚಾಮರಾಜನಗರದ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡ ಸುದ್ದಿ ನಿಮಗೂ ನೆನಪಿರಬೇಕು. ಸಿಲಿಂಡರ್ ತರಿಸುವ ಅಧಿಕಾರ ಡ್ಯೂಟಿ ಡಾಕ್ಟರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಬಂಧುಗಳೆದುರು ನಿಲ್ಲುವ ಸರದಿ ಮಾತ್ರ ಅವರದೇ.

ಯಂತ್ರ ಯಾರಿಗೆಂಬ ತೀರ್ಮಾನ ರೋಗಿಯ ಪಕ್ಕ ನಿಂತ ವೈದ್ಯರದಾಗಬಾರದು. ನ್ಯೂಯಾರ್ಕ್ ರಾಜ್ಯ 2015ರಲ್ಲೇ ಹಾಗೆ ಬರೆದಿಟ್ಟಿತ್ತು: ನಿರ್ಧಾರ ಬೇರೆ ಅಧಿಕಾರಿ ಅಥವಾ ಸಮಿತಿಯದು, ವೆಂಟಿಲೇಟರ್ ಹಾಕಿದವರ ಸ್ಥಿತಿಯನ್ನು 48 ಮತ್ತು 120 ಗಂಟೆಗೆ ಮತ್ತೆ ಅಳೆಯಬೇಕು. ಸಣ್ಣ ಆಸ್ಪತ್ರೆಯ ಸಮಿತಿಗೆ ಇಬ್ಬರು ಹಿರಿಯ ವೈದ್ಯರು, ಒಬ್ಬ ಸಿಸ್ಟರ್ ಸಾಕು. ಎಡವುವುದು ಎರಡು ಕಡೆ. ಸಮಿತಿ ಸಂಜೆ ಐದಕ್ಕೆ ಮನೆಗೆ ಹೋಗುತ್ತದೆ, ರಾತ್ರಿ ಎರಡರ ತೀರ್ಮಾನ ಕಿರಿಯರ ತಲೆಗೆ ಬರುತ್ತದೆ. ಇನ್ನೊಂದು, ಬಾಯಿಮಾತಿನ ಆದೇಶ: ವಿಚಾರಣೆ ಬಂದಾಗ ಹೇಳಿದವರೇ ಇರುವುದಿಲ್ಲ. ಕೇಸ್ ಶೀಟಿನಲ್ಲಿ ಕಾರಣ, ಹೊತ್ತು, ಹೇಳಿದವರ ಹೆಸರು ಇರಲೇಬೇಕು.

ಮನೆಯಲ್ಲಿ "ನಿಂದೇನೂ ತಪ್ಪಿಲ್ಲ ಬಿಡಮ್ಮ" ಎಂದು ಅವಸರದಲ್ಲಿ ಹೇಳಬೇಡಿ, ಮಾತು ಅಲ್ಲಿಗೇ ಮುಗಿಯುತ್ತದೆ. "ಆವತ್ತು ನಿನಗೆ ಏನು ಮಾಡಬೇಕು ಅನ್ನಿಸಿತ್ತು?" ಎಂದು ಕೇಳಿ, ಎದ್ದುಹೋದರೆ ಹಿಂದೆ ಹೋಗಬೇಡಿ. ಅದೇ ಪಾಳಿಯಲ್ಲಿದ್ದ ಸಹೋದ್ಯೋಗಿಯ ಬಳಿ ಬೇಗ ಬಾಯಿಬಿಟ್ಟಾಳು. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಕೆಟ್ಟ ಕನಸು ಬಿದ್ದು ಬೆಚ್ಚಿದರೆ ಮನೋವೈದ್ಯರಿಗೆ ತೋರಿಸಿ. ಬದುಕುವುದೇ ಬೇಡವೆಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಒಬ್ಬಳನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಉಚಿತ. ಮೊದಲ ಕರೆ ನೀವೇ ಮಾಡಬಹುದು.