ದಾರ ಹೋಗಿದ್ದು ಎಲ್ಲಿ ಅಂತ ಮೊದಲು ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಡಲ್ಲಾಸ್‌ಗೆ ಬಂದು ಆರು ತಿಂಗಳು. ಮೀನು ಹಿಡಿಯೋಕೆ 7 ಅಡಿಯ ಮೀಡಿಯಂ ಸ್ಪಿನ್ನಿಂಗ್ ರಾಡ್, 2500 ಸೈಜಿನ ರೀಲ್, ಅದರ ತುಂಬ 30 ಪೌಂಡ್ ತಡೆಯೋ ಬ್ರೇಡ್ (ಹೆಣೆದ) ದಾರ. ಗಾಳಕ್ಕೆ ಕ್ಲಿಂಚ್ ಗಂಟು, ಅಂದ್ರೆ ದಾರವನ್ನ ಅದರ ಮೇಲೇ ಸುತ್ತಿ ತುದಿ ತೂರಿಸಿ ಬಿಗಿಯೋದು. ಬಾಸ್ ಮೀನು ಕಚ್ಚುತ್ತೆ, ಒಂದು ಗಳಿಗೆ ಎಳೆದಾಡುತ್ತೆ, ಆಮೇಲೆ ಬರೀ ದಾರ ಕೈಗೆ ಬರುತ್ತೆ. ಮೂರು ಸಲ ಹೀಗಾಗಿದೆ. ರಾಡ್ ಬದಲಾಯಿಸಬೇಕಾ, ಇನ್ನೂ ದಪ್ಪ ದಾರ ಹಾಕಬೇಕಾ?

ಎರಡೂ ಬೇಡ. ಟೆಕ್ಸಾಸ್‌ನ ದಾಖಲೆ ಬಾಸೇ 18.18 ಪೌಂಡ್, 1992ರ ಜನವರಿಯಲ್ಲಿ ಲೇಕ್ ಫೋರ್ಕ್ ಅನ್ನೋ ಕೆರೆಯಲ್ಲಿ ಸಿಕ್ಕಿದ್ದು. ಅದೂ ಕ್ರಾಪಿ ಅನ್ನೋ ಸಣ್ಣ ಮೀನು ಹಿಡಿಯೋಕೆ ಅಂತ ಗಾಳ ಹಾಕಿ ಕೂತವರೊಬ್ಬರಿಗೆ! ನಿಮ್ಮ 30 ಪೌಂಡಿನ ದಾರ ನಡುವೆ ತುಂಡಾಗುವಷ್ಟು ದೊಡ್ಡ ಮೀನು ಮೂರು ಸಲ ಕಚ್ಚಿತ್ತು ಅಂದ್ರೆ ನಾನು ನಂಬಲ್ಲ. ತಪ್ಪಾಗ್ತಿರೋದು ಕೊನೆಯ ಒಂದು ಮೊಳದಲ್ಲಿ.

ಮುಂದಿನ ಸಲ ಮೀನು ತಪ್ಪಿಸಿಕೊಂಡರೆ ದಾರದ ತುದಿ ಕಣ್ಣ ಹತ್ತಿರ ಹಿಡಿದು ನೋಡಿ. ದಾರ ನೈಲಾನ್ ಅಥವಾ ಫ್ಲೋರೋಕಾರ್ಬನ್ (ಎರಡೂ ಒಂಟಿ ಎಳೆಯ ಪ್ಲಾಸ್ಟಿಕ್ ದಾರ) ಆಗಿದ್ದು ತುದಿ ಹಂದಿ ಬಾಲದ ಹಾಗೆ ಸುರುಳಿ ಸುತ್ತಿದ್ರೆ ಗಂಟು ಜಾರಿ ಬಿಚ್ಚಿಕೊಂಡಿದೆ. ಬ್ರೇಡ್ ಆದ್ರೆ ನೀವು ಕತ್ತರಿಸಿದ ತುದಿ ಹಾಗೇ ಇದ್ದು, ಬರೀ ಸೊಟ್ಟಸೊಟ್ಟ ಆಗಿರುತ್ತೆ. ತುದಿ ತುಂಡಾಗಿದ್ದು, ಅದರ ಮೇಲಿನ ಒಂದೆರಡು ಅಂಗುಲ ಒರಟೊರಟಾಗಿದ್ರೆ ಕಲ್ಲಿಗೋ ಮರಕ್ಕೋ ಉಜ್ಜಿ ಸವೆದಿದೆ. ನಿಮ್ಮದು ಜಾರಿದ್ದೇ ಅಂತ ನನ್ನ ಅಂದಾಜು. ಬ್ರೇಡ್ ಮೈ ನುಣುಪು, ಕ್ಲಿಂಚ್‌ನ ನಾಲ್ಕೈದು ಸುತ್ತಿಗೆ ಅದು ಹಿಡಿತ ಕೊಡಲ್ಲ.

ಪಾಲೋಮಾರ್ ಗಂಟು ಕಲಿತುಕೊಳ್ಳಿ. ನಾನು ಗಾಳಕ್ಕೆ ಹಾಕೋದು ಹೆಚ್ಚುಕಮ್ಮಿ ಇದೊಂದನ್ನೇ. ದಾರದ ತುದಿಯ ಆರೇಳು ಅಂಗುಲ ಮಡಚಿ ಜೋಡಿ ಮಾಡಿ, ಆ ಕುಣಿಕೆಯನ್ನ ಗಾಳದ ಕಣ್ಣಿನೊಳಗೆ ತೂರಿಸಿ. ಜೋಡಿ ದಾರದಲ್ಲೇ ಒಂದು ಸಾದಾ ಗಂಟು, ಬಿಗಿ ಮಾಡಬೇಡಿ, ಗಾಳ ಜೋತಾಡ್ತಿರಲಿ. ಈಗ ಕುಣಿಕೆಯೊಳಗಿಂದ ಇಡೀ ಗಾಳವನ್ನ ದಾಟಿಸಿ. ಎಂಜಲು ಹಚ್ಚಿ ಒದ್ದೆ ಮಾಡಿ, ಎರಡೂ ಎಳೆ ಸೇರಿಸಿ ನಿಧಾನಕ್ಕೆ ಎಳೀರಿ. ಎಂಜಲು ಅಂತ ಮುಖ ಸಿಂಡರಿಸಬೇಡಿ, ಕೆರೆ ನೀರಾದ್ರೂ ಸರಿ. ಒಣಗಿದ್ದಾಗ ಎಳೆದ್ರೆ ಉಜ್ಜಿ ಬಿಸಿಯಾಗಿ ದಾರ ಅಲ್ಲೇ ಸೊರಗುತ್ತೆ, ಫ್ಲೋರೋಕಾರ್ಬನ್ ಅಂತೂ ಬೇಗ. ಇನ್ನೊಂದು ಮಾತು, ಜೋಡಿ ಎಳೆಗಳು ಒಂದರ ಮೇಲೊಂದು ಅಡ್ಡ ಬಿದ್ದಿರಬಾರದು, ಪಕ್ಕಪಕ್ಕ ಮಲಗಿರಬೇಕು. ಅಡ್ಡ ಬಿದ್ದಿದ್ರೆ ಕತ್ತರಿಸಿ ಮತ್ತೆ ಹಾಕಿ. ಬೇಜಾರಾಗುತ್ತೆ, ಗೊತ್ತು.

ಇನ್ನು ದಾರ. ಬ್ರೇಡ್ ಹಿಗ್ಗಲ್ಲ, 30 ಪೌಂಡಿನದ್ದು 8 ಪೌಂಡಿನ ನೈಲಾನ್‌ನಷ್ಟೇ ಸಣ್ಣ, ದೂರ ಹೋಗಿ ಬೀಳುತ್ತೆ. ಆದ್ರೆ ತಿಳಿನೀರಲ್ಲಿ ಎದ್ದು ಕಾಣುತ್ತೆ, ಕಲ್ಲಿಗೆ ಉಜ್ಜಿದ್ರೆ ತಡೆಯಲ್ಲ. ಹಾಗಾಗಿ ಅದರ ತುದಿಗೆ 10 ಅಥವಾ 12 ಪೌಂಡಿನ ಫ್ಲೋರೋಕಾರ್ಬನ್ ಒಂದು ಮಾರು ಜೋಡಿಸಿ. ಬೆಳಕು ಬಾಗೋ ಲೆಕ್ಕದಲ್ಲಿ ನೀರು 1.33, ಫ್ಲೋರೋಕಾರ್ಬನ್ 1.42, ನೈಲಾನ್ 1.5ರ ಮೇಲೆ; ನೀರಿನ ಅಂಕಿಗೆ ಹತ್ತಿರ ಇದ್ದಷ್ಟೂ ದಾರ ಕಮ್ಮಿ ಕಾಣೋದು. ಮೀನಿಗೆ ಕಾಣೋದೇ ಇಲ್ಲ ಅಂತ ಡಬ್ಬಿ ಮೇಲೆ ಬರೆದಿರೋದು ವ್ಯಾಪಾರದ ಮಾತು, ಕಮ್ಮಿ ಕಾಣುತ್ತೆ ಅಷ್ಟೆ. ಜೋಡಿಸೋಕೆ ಡಬಲ್ ಯೂನಿ ಗಂಟು ಸಾಕು, ಅಂದ್ರೆ ಎರಡು ದಾರದ ತುದಿಗಳನ್ನ ಒಂದರ ಮೇಲೊಂದು ಸುತ್ತಿ ಬಿಗಿಯೋದು, ಬ್ರೇಡ್ ಕಡೆ ಎಂಟು ಸುತ್ತು, ಫ್ಲೋರೋಕಾರ್ಬನ್ ಕಡೆ ಐದು. ಎಫ್‌ಜಿ ಗಂಟು ಇನ್ನೂ ಸಣ್ಣಗೆ ಬರುತ್ತೆ, ನಿಜ. ಆದ್ರೆ ಗಾಳಿ ಬೀಸ್ತಿರುವಾಗ ದೋಣಿಯಲ್ಲಿ ಕೂತು ಅದನ್ನ ಹಾಕೋ ತಾಳ್ಮೆ ನನಗಿಲ್ಲ.

ನೀರಿನ ಮೇಲೆ ಆಡಿಸೋ ಲೂರ್‌ಗೆ (ನಕಲಿ ಆಮಿಷಕ್ಕೆ) ಫ್ಲೋರೋಕಾರ್ಬನ್ ಬೇಡ. ಅದು ಮುಳುಗುತ್ತೆ, ಲೂರ್‌ನ ಮೂಗನ್ನೂ ಕೆಳಗೆ ಎಳೆಯುತ್ತೆ. ಅಲ್ಲಿ ನೈಲಾನ್ ತುಂಡು ಹಾಕಿ. ಜೊಂಡಿನ ಮೇಲೆ ಕಪ್ಪೆ ಲೂರ್ ಎಳೆಯೋ ಆಸೆ ಇದ್ರೆ ಅದಕ್ಕೆ ಬೇರೆ ರಾಡು, 50 ಪೌಂಡಿನ ಬ್ರೇಡು, ನಡುವೆ ಬೇರೆ ದಾರ ಇಲ್ಲದೆ ಬ್ರೇಡಿಗೇ ಗಂಟು. ಸದ್ಯಕ್ಕೆ ಬಿಡಿ.

ಲೇಕ್ ಫೋರ್ಕ್ ಅಂದೆನಲ್ಲ, ಡಲ್ಲಾಸ್‌ನಿಂದ ಪೂರ್ವಕ್ಕೆ ಒಂದೂವರೆ ಗಂಟೆ, ಸುಮಾರು 27,000 ಎಕರೆ ನೀರು. ಮುಳುಗಡೆಯಾದ ಮರಗಳು ಇನ್ನೂ ನಿಂತಿವೆ. ಒಂದು ಮಾರ್ಚ್‌ನಲ್ಲಿ ಅಲ್ಲಿ ಬೆಳಗಿಂದ ನಾಲ್ಕು ಮೀನು ಹಿಡಿದಿದ್ದೆ, ಅದೇ ಗಂಟು, ಅದೇ ದಾರ. ಐದನೆಯದು ಕಚ್ಚಿದಾಗ ರಾಡ್ ಹಿಡಿವರೆಗೂ ಬಾಗ್ತು, ಮೀನು ನೀರಿಂದ ಅರ್ಧ ಮೇಲೆದ್ದು ತಲೆ ಒದರಿತು, ಟಪ್ ಅಂತ ಹೋಯ್ತು. ದಾರ ಎಳಕೊಂಡು ಬೆರಳಾಡಿಸಿದ್ರೆ ಗಂಟಿಂದ ಅರ್ಧ ಅಡಿ ಮೇಲಕ್ಕೆ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತಿತ್ತು. ಪಕ್ಕದಲ್ಲಿದ್ದ ಗೆಳೆಯ ಏನೂ ಹೇಳ್ಲಿಲ್ಲ, ಅದೇ ಹೆಚ್ಚು ಉರೀತು. ಆವತ್ತಿಂದ ಪ್ರತಿ ಮೀನಾದ ಮೇಲೂ, ಪ್ರತಿ ಸಲ ಮರಕ್ಕೆ ಸಿಕ್ಕಿಹಾಕ್ಕೊಂಡ ಮೇಲೂ, ಕೊನೆಯ ಎರಡು ಅಡಿಯನ್ನ ಹೆಬ್ಬೆರಳು ತೋರುಬೆರಳ ನಡುವೆ ಜಾರಿಸಿ ನೋಡ್ತೀನಿ. ಸ್ವಲ್ಪ ತರಿತರಿ ಅನ್ನಿಸಿದ್ರೂ ಕತ್ತರಿಸಿ ಹೊಸ ಗಂಟು.

ಡ್ರ್ಯಾಗ್, ಅಂದ್ರೆ ಮೀನು ಎಷ್ಟು ಎಳೆದ್ರೆ ರೀಲ್ ದಾರ ಬಿಡಬೇಕು ಅನ್ನೋ ಬಿಗಿ, ಅದರ ಬಗ್ಗೆ ಯಾರೂ ಹೇಳಿಲ್ಲ ಅನ್ಸುತ್ತೆ. ಇದ್ದುದರಲ್ಲಿ ಬಡಕಲು ದಾರ ಎಷ್ಟು ತಡೆಯುತ್ತೋ ಅದರ ಕಾಲುಭಾಗಕ್ಕೆ ಡ್ರ್ಯಾಗ್ ಬಿಡಬೇಕು, ನಿಮಗೆ ಸುಮಾರು 3 ಪೌಂಡ್. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗೋ ಕೊಕ್ಕೆ ತಕ್ಕಡಿ ಮನೇಲಿ ಇದ್ದೇ ಇರುತ್ತಲ್ಲ, ದಾರದ ತುದಿ ಅದಕ್ಕೆ ಕಟ್ಟಿ ಎಳೀರಿ. 3 ತೋರಿಸುವಾಗ ರೀಲ್ ದಾರ ಬಿಡೋಕೆ ಶುರುಮಾಡ್ಬೇಕು. ಹಾಂ, ಬ್ರೇಡನ್ನ ನೇರವಾಗಿ ಸ್ಪೂಲ್‌ಗೆ (ರೀಲಿನಲ್ಲಿ ದಾರ ಸುತ್ತೋ ಉರುಳೆಗೆ) ಸುತ್ತಿದ್ರೆ ಇಡೀ ಸುತ್ತೇ ಗಿರಗಿರ ಜಾರುತ್ತೆ. ತಳಕ್ಕೆ ಒಂದಷ್ಟು ಸುತ್ತು ನೈಲಾನ್ ಹಾಕಿದಾರಾ ಅಂತ ಅಂಗಡಿಯವರನ್ನ ಕೇಳಿ. ಎಸೆದ ಮೇಲೆ ರೀಲಿನ ಬಾಗಿದ ತಂತಿಯನ್ನ (ಬೇಲ್) ಹಿಡಿಕೆ ತಿರುಗಿಸಿ ಮುಚ್ಚಬೇಡಿ, ಕೈಯಿಂದ ಮುಚ್ಚಿ. ಸಿಕ್ಕುಗಳಲ್ಲಿ ಅರ್ಧ ಅಲ್ಲೇ ಕಮ್ಮಿಯಾಗುತ್ತೆ.

ನನ್ನೂರು ತೀರ್ಥಹಳ್ಳಿ ಕಡೆ. ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಬೆಳೆದವನು, ಅದಕ್ಕೋ ಏನೋ ಹಿಡಿದಿದ್ದನ್ನೆಲ್ಲ ಬಿಟ್ಟೇ ಬರೋದು. ನೀವು ಮನೆಗೆ ತರೋರಾದ್ರೆ, ಫೋರ್ಕ್‌ನಲ್ಲಿ 16 ಅಂಗುಲದಿಂದ 24ರವರೆಗಿನ ಬಾಸನ್ನ ಇಟ್ಕೊಳ್ಳೋ ಹಾಗಿಲ್ಲ, ಅಳತೆ ಪಟ್ಟಿ ಚೀಲದಲ್ಲಿರಲಿ. ಹೋಗೋ ಮುಂಚೆ ಈ ವಾರ ಟಿವಿ ಮುಂದೆ ಕೂತು ಹತ್ತು ಪಾಲೋಮಾರ್ ಹಾಕಿ, ಗಾಳವನ್ನ ಇಕ್ಕಳದಲ್ಲಿ ಹಿಡಿದು ಎಳೆದು ನೋಡಿ. ಬ್ರೇಡನ್ನ ಬರಿಗೈಗೆ ಸುತ್ತಿ ಎಳೀಬೇಡಿ, ಬೆರಳು ಕುಯ್ಯುತ್ತೆ. ಟವೆಲ್ ಸುತ್ಕೊಳ್ಳಿ.