ಸಂಕೀರ್ಣತೆಯ ಅಂಕ ಹೆಚ್ಚಿದ ಮಾತ್ರಕ್ಕೆ ಫಂಕ್ಷನ್ ಒಡೆಯಬೇಕೇ?

ಒಂದು ಫಂಕ್ಷನ್ನಿನ ಸೈಕ್ಲೊಮ್ಯಾಟಿಕ್ ಸಂಕೀರ್ಣತೆ (ಕೋಡಿನೊಳಗಿನ ಕವಲುದಾರಿಗಳ ಲೆಕ್ಕ) 24 ಎಂದು ಕೋಡ್ ಪರಿಶೀಲಿಸುವ ಉಪಕರಣ ತೋರಿಸುತ್ತಿದೆ, ಅದನ್ನು ಈಗಲೇ ರಿಫ್ಯಾಕ್ಟರ್ ಮಾಡಬೇಕೇ (ವರ್ತನೆ ಬದಲಿಸದೆ ಕೋಡಿನ ರಚನೆಯನ್ನು ತಿದ್ದಬೇಕೇ) ಎಂದು ಕೇಳಿದ್ದೀರಿ. ಆ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸುವುದು ಸರಿಯಲ್ಲ. ಥಾಮಸ್ ಮೆಕ್‌ಕೇಬ್ 1976ರಲ್ಲಿ ಈ ಅಳತೆಯನ್ನು ಮಂಡಿಸಿದಾಗ 10ನ್ನು ಮೇಲ್ಮಿತಿಯಾಗಿ ಸೂಚಿಸಿದ್ದರೂ, ಅದು ಎಣಿಸುವುದು ಕೋಡಿನೊಳಗಿನ ಸ್ವತಂತ್ರ ದಾರಿಗಳನ್ನೇ ಹೊರತು ಓದುವವರಿಗೆ ಆಗುವ ಕಷ್ಟವನ್ನಲ್ಲ. ಆದ್ದರಿಂದ ಹಲವು ಕೇಸ್‌ಗಳಿರುವ ಸರಳ ಸ್ವಿಚ್ಚೂ, ಒಂದರೊಳಗೊಂದು ಹೆಣೆದುಕೊಂಡ ಇಫ್ ಮತ್ತು ಲೂಪ್‌ಗಳ ಗೋಜಲೂ ಒಂದೇ ಅಂಕ ಪಡೆಯಬಹುದು. ಹೆಣಿಗೆಯ ಆಳಕ್ಕೆ ಹೆಚ್ಚುವರಿ ಅಂಕ ಸೇರಿಸುವ ಕಾಗ್ನಿಟಿವ್ ಕಾಂಪ್ಲೆಕ್ಸಿಟಿ ಎಂಬ ಇನ್ನೊಂದು ಅಳತೆ ಇವೆರಡನ್ನೂ ಬೇರ್ಪಡಿಸುತ್ತದೆ. ಅದನ್ನೂ ಅಳೆದು ನೋಡಿ.

ಅದಕ್ಕಿಂತಲೂ ನಾನು ಹೆಚ್ಚು ನೆಚ್ಚುವುದು ಗಿಟ್ ಇತಿಹಾಸವನ್ನು, ಅಂದರೆ ಕೋಡಿನ ಒಂದೊಂದು ಬದಲಾವಣೆಯೂ ಕಮಿಟ್ ಆಗಿ ದಾಖಲಾಗಿರುವ ಪಟ್ಟಿಯನ್ನು. ಆ ಫೈಲು ಪದೇ ಪದೇ ಬದಲಾಗುತ್ತಿದ್ದು, ದೋಷ ಸರಿಪಡಿಸಿದ ಕಮಿಟ್‌ಗಳು ಅಲ್ಲಿಯೇ ಗುಂಪುಗೂಡಿದ್ದರೆ ರಿಫ್ಯಾಕ್ಟರ್ ಮಾಡಲು ಗಟ್ಟಿಯಾದ ಕಾರಣವಿದೆ; ವರ್ಷಗಳಿಂದ ಯಾರೂ ಮುಟ್ಟದೆ ಸರಿಯಾಗಿ ಓಡುತ್ತಿರುವ ಕೋಡನ್ನು, ಅಂಕ ಎಷ್ಟೇ ಇರಲಿ, ಹಾಗೆಯೇ ಬಿಡುವುದು ಲೇಸು. ಒಡೆಯುವುದಾದರೆ ಮೊದಲು ಈಗಿನ ವರ್ತನೆಯನ್ನು ಹಿಡಿದಿಡುವ ಟೆಸ್ಟ್‌ಗಳನ್ನು ಬರೆಯಿರಿ (ಎಷ್ಟು ಟೆಸ್ಟ್‌ಗಳು ಬೇಕಾಗಬಹುದೆಂಬ ಅಂದಾಜನ್ನು ಆ 24 ಚೆನ್ನಾಗಿಯೇ ಕೊಡುತ್ತದೆ). ಅಂಕ ಇಳಿಸುವುದಕ್ಕೆಂದೇ ತುಂಡರಿಸಿದರೆ, ಒಂದೆಡೆ ಕಾಣುತ್ತಿದ್ದ ಗೋಜಲು ಹತ್ತು ಫಂಕ್ಷನ್‌ಗಳಿಗೆ ಹಂಚಿಹೋಗುತ್ತದೆ, ಅಷ್ಟೆ.