ಅಪ್ಪನಿಗೆ ಗ್ಲಾಕೋಮಾ ಅಂದಿದ್ದಾರೆ, ಆದರೆ ಕಣ್ಣು ಚೆನ್ನಾಗೇ ಕಾಣುತ್ತದೆ. ಡ್ರಾಪ್ಸ್ ನಿಲ್ಲಿಸಬಹುದಾ?

ನಿಲ್ಲಿಸಬೇಡಿ. ಗ್ಲಾಕೋಮಾ ಅಂದರೆ ಕಣ್ಣಿನ ನರ ಹಾಳಾಗುತ್ತಾ ಹೋಗುವ ಕಾಯಿಲೆ, ಹೆಚ್ಚಾಗಿ ಕಣ್ಣೊಳಗಿನ ಪ್ರೆಶರ್ ಏರಿ. "ಪ್ರೆಶರ್ ನಾರ್ಮಲ್‌ಗೆ ಬಂದಿದೆ, ಪೇಪರ್ ಓದುತ್ತಾರೆ, ಮತ್ಯಾಕೆ ಡ್ರಾಪ್ಸ್" ಅಂತ ಬರೆದಿದ್ದೀರಲ್ಲ, ಅದೇ ಮಾತನ್ನು ನಾನೂ ಆಡಿದ್ದೆ. ನನ್ನ ಎಡಗಣ್ಣಿನ ನೋಟದಲ್ಲಿ ದೊಡ್ಡ ಪಾಲು ಹೋಗಿದ್ದು ಅದರಿಂದಲೇ.

ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟ. ಐವತ್ತರ ಹತ್ತಿರ ಬಂದಾಗ ಓದುವ ಕನ್ನಡಕ ಬದಲಿಸೋಣ ಅಂತ ಶಿವಮೊಗ್ಗಕ್ಕೆ ಹೋಗಿದ್ದೆ. ಡಾಕ್ಟರು ಪ್ರೆಶರ್ ನೋಡಿದರು. ಎಡಗಣ್ಣಲ್ಲಿ 28, ಬಲಗಣ್ಣಲ್ಲಿ 24. ಸಾಮಾನ್ಯವಾಗಿ ಅದು 10ರಿಂದ 21ರ ಒಳಗೆ ಇರುತ್ತದೆ. ಆಮೇಲೆ ಪಾಪೆ ಅಗಲ ಆಗುವ ಔಷಧಿ ಬಿಟ್ಟು ಕಣ್ಣಿನ ಹಿಂಬದಿ ನೋಡಿದರು. ಗ್ಲಾಕೋಮಾ ಅಂದರು. "ಮನೆಯಲ್ಲಿ ಯಾರಿಗಾದ್ರೂ ಈ ತೊಂದರೆ ಇತ್ತಾ?" ಅಂತ ಕೇಳಿದರು. ಇಲ್ಲ ಅಂದೆ. ವಾಪಸ್ ಬರುವಾಗ ಬಸ್ಸಲ್ಲಿ ಅಪ್ಪಯ್ಯನ ನೆನಪಾಯಿತು. ಕೊನೆಗಾಲದಲ್ಲಿ ಅವರು ಗೋಡೆ ಹಿಡಿದುಕೊಂಡೇ ಓಡಾಡುತ್ತಿದ್ದರು. ಪೊರೆ ಆಪರೇಷನ್ ಮಾಡಿಸಿದರೂ ನೋಟ ಬರಲಿಲ್ಲ. ವಯಸ್ಸಾಯಿತು ಅಂತ ನಾವೆಲ್ಲ ಸುಮ್ಮನಾಗಿದ್ದೆವು. ಅದು ಗ್ಲಾಕೋಮಾ ಇದ್ದಿರಬಹುದು ಅಂತ ಈಗ ಅನ್ನಿಸುತ್ತದೆ. ಅಪ್ಪ, ಅಮ್ಮ, ಒಡಹುಟ್ಟಿದವರು, ಇವರಲ್ಲಿ ಒಬ್ಬರಿಗಿದ್ದರೆ ಉಳಿದವರಿಗೆ ಬರುವ ಸಾಧ್ಯತೆ ಜಾಸ್ತಿ.

ಕಣ್ಣಿನ ಪ್ರೆಶರ್ ಅಂದರೆ ಬಿಪಿ ಅಂತ ತುಂಬಾ ಜನ ತಿಳಿದಿದ್ದಾರೆ. ಎರಡೂ ಬೇರೆ. ಕಣ್ಣೊಳಗೆ ಒಂದು ತಿಳಿನೀರು ಸದಾ ಹುಟ್ಟುತ್ತಿರುತ್ತದೆ, ಹುಟ್ಟಿದಷ್ಟೂ ಸಣ್ಣ ಜರಡಿಯಂಥ ಜಾಗದಿಂದ ಹೊರಗೆ ಹೋಗುತ್ತಿರುತ್ತದೆ. ತೋಟದ ಬಸಿಗಾಲುವೆ ಕಟ್ಟಿಕೊಂಡರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನೀರು ನಿಲ್ಲುತ್ತದೆ, ಕೊಳೆಯುವುದು ಬೇರು, ಮೇಲಿನ ಸೋಗೆ ಎಷ್ಟೋ ದಿನ ಹಸಿರಾಗೇ ಇರುತ್ತದೆ. ಇಲ್ಲಿ ಬೇರಿನ ಜಾಗದಲ್ಲಿರುವುದು ಕಣ್ಣಿಂದ ಮೆದುಳಿಗೆ ಹೋಗುವ ನರ. ಒಂದೊಂದು ಕಣ್ಣಿನ ನರದಲ್ಲಿ ಸುಮಾರು 10 ಲಕ್ಷ ಎಳೆಗಳಿರುತ್ತವೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ.

ಇನ್ನು ನಾನು ಮಾಡಿದ ತಪ್ಪು. ಇದನ್ನು ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಮಾಡುವಾಗ ಅದು ತಪ್ಪು ಅಂತ ಅನ್ನಿಸುವುದೇ ಇಲ್ಲ.

ರಾತ್ರಿ ಮಲಗುವಾಗ ಒಂದೊಂದು ಹನಿ ಹಾಕಲು ಡ್ರಾಪ್ಸ್ ಬರೆದುಕೊಟ್ಟಿದ್ದರು. ಮುಂದಿನ ಚೆಕಪ್‌ಗೆ ಹೋದಾಗ ಎಡಗಣ್ಣಲ್ಲಿ 17 ಇತ್ತು. "ನಾರ್ಮಲ್ ಇದೆ, ಮುಂದುವರಿಸಿ" ಅಂದರು ಡಾಕ್ಟರು. ನಾನು ಮನೆಗೆ ತಂದಿದ್ದು "ನಾರ್ಮಲ್ ಇದೆ" ಅನ್ನುವುದನ್ನು ಮಾತ್ರ. ಆ 17 ಔಷಧಿ ಹಾಕಿದ್ದಕ್ಕೆ ಬಂದ 17. ಔಷಧಿ ಇಲ್ಲದ ನನ್ನ ಕಣ್ಣಿನ ಅಂಕಿ 28ರಲ್ಲೇ ಇತ್ತು. ನಾರ್ಮಲ್ ಅಂದರೆ ವಾಸಿಯಾಯಿತು ಅಂತ ನಾನು ತಿಳಿದೆ.

ಅಷ್ಟರಲ್ಲಿ ಆಷಾಢದ ಮಳೆ ಹಿಡಿಯಿತು. ಬಾಟಲಿ ಖಾಲಿಯಾಯಿತು. ಊರಿನ ಮೆಡಿಕಲ್‌ನಲ್ಲಿ ತರಿಸಿಕೊಡುತ್ತೇವೆ ಅಂದರು. ಅತ್ತ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಗಡಿಬಿಡಿ, ಎರಡು ದಿನ ಬಿಸಿಲು ಬಿದ್ದರೆ ಆಳು ಸಿಗುವುದಿಲ್ಲ, ಆಳು ಸಿಕ್ಕ ದಿನ ಮಳೆ ಬಿಡುವುದಿಲ್ಲ. ಮುಂದಿನ ವಾರ ತಂದರಾಯಿತು ಅಂದುಕೊಂಡೆ. ಡ್ರಾಪ್ಸ್ ಬಿಟ್ಟ ಮೇಲೆ ಏನೂ ಆಗಲಿಲ್ಲ. ನೋವಿಲ್ಲ, ಮಂಜಿಲ್ಲ. ಡ್ರಾಪ್ಸ್ ಹಾಕುವಾಗ ಸ್ವಲ್ಪ ಉರಿ, ಕೆಂಪು ಇರುತ್ತಿತ್ತು. ಅದೂ ಹೋಯಿತು. ಬಿಟ್ಟ ಮೇಲೆ ಕಣ್ಣು ಇನ್ನೂ ಹಾಯಾಗಿತ್ತು! ಒಂದು ಸಲ ನೋವಾಗಿದ್ದರೆ ಅದೇ ದಿನ ಶಿವಮೊಗ್ಗದ ಬಸ್ ಹತ್ತುತ್ತಿದ್ದೆ. ಈ ಕಾಯಿಲೆ ಆ ಸುಳಿವನ್ನೇ ಕೊಡುವುದಿಲ್ಲ. ಆ ಮಳೆಗಾಲ ಕಳೆಯಿತು, ಇನ್ನೊಂದೂ ಕಳೆಯಿತು.

ಗೊತ್ತಾಗಿದ್ದು ಅಡಿಕೆ ಸುಲಿಯುವಾಗ. ರಾತ್ರಿ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದೆವು. ಸಿಪ್ಪೆಯ ನಾರು ಹಾರಿ ಬಲಗಣ್ಣಿಗೆ ಬಿತ್ತು. ಅಂಗೈಯಲ್ಲಿ ಆ ಕಣ್ಣು ಮುಚ್ಚಿಕೊಂಡು, ಎದುರು ಕೂತಿದ್ದ ಅತ್ತಿಗೆಯ ಮುಖ ನೋಡುತ್ತಾ ಏನೋ ಹೇಳುತ್ತಿದ್ದೆ. ಅವರ ಮುಖ ಸ್ಪಷ್ಟವಾಗಿತ್ತು, ಹಣೆಯ ಕುಂಕುಮವೂ ಕಾಣುತ್ತಿತ್ತು. ಅವರ ಪಕ್ಕ, ಸ್ವಲ್ಪ ಮೇಲೆ ಬಲಕ್ಕೆ, ಜಂತಿಯಿಂದ ಒಂದು ಬಲ್ಬ್ ನೇತಾಡುತ್ತಿತ್ತು. ಅದು ಇರಲಿಲ್ಲ. ಅಲ್ಲಿ ಕಪ್ಪು ಚುಕ್ಕೆ ಇರಲಿಲ್ಲ, ಮಬ್ಬೂ ಇರಲಿಲ್ಲ, ಸುಮ್ನೆ ಗೋಡೆ ಇದ್ದಂತಿತ್ತು. ಕಣ್ಣು ಆ ಕಡೆ ಹೊರಳಿಸಿದೆ, ಬಲ್ಬ್ ಬಂತು. ಮತ್ತೆ ಅತ್ತಿಗೆಯನ್ನು ನೋಡಿದೆ, ಹೋಯಿತು. "ಏನಾಯ್ತು, ನಾರು ಬಂತಾ?" ಅಂತ ಅವರು ಕೇಳುತ್ತಿದ್ದರು. ನನಗೆ ಉತ್ತರ ಕೊಡಲು ಆಗಲಿಲ್ಲ.

ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬುತ್ತದೆ, ಉಳಿದಿದ್ದನ್ನು ಮೆದುಳು ತುಂಬುತ್ತದೆ. ನಡುವಿನ ನೋಟ ಹೋಗುವುದು ಸಾಮಾನ್ಯವಾಗಿ ಕೊನೆಗೆ. ನಿಮ್ಮ ಅಪ್ಪ ಪೇಪರ್ ಓದುವುದು ಆ ನಡುವಿನ ನೋಟದಿಂದ. ಹಾಗಾಗಿ ಪೇಪರ್ ಓದುತ್ತಾರೆ ಅನ್ನುವುದರಿಂದ ನರದ ಸ್ಥಿತಿ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದರೆ ಫೀಲ್ಡ್ ಟೆಸ್ಟ್ ಆಗಬೇಕು. ಗಲ್ಲ ಇಟ್ಟು, ಒಂದೊಂದೇ ಕಣ್ಣಲ್ಲಿ ನಡುವಿನ ಗುರುತನ್ನು ನೋಡುತ್ತಾ, ಅಕ್ಕಪಕ್ಕ ಬೆಳಕಿನ ಚುಕ್ಕೆ ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ಬೇಜಾರಿನ ಪರೀಕ್ಷೆ, ಆದರೂ ಅಪ್ಪನಿಗೆ ಮಾಡಿಸಿ. ನನ್ನ ಎಡಗಣ್ಣಿನ ಕಾಗದದಲ್ಲಿ ಮೇಲಿನ ಅರ್ಧ ಹೆಚ್ಚೂಕಡಿಮೆ ಕಪ್ಪಾಗಿತ್ತು. "ಹೋಗಿದ್ದು ಬರಲ್ಲ, ಇರೋದನ್ನ ಉಳಿಸೋಣ" ಅಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಡ್ರಾಪ್ಸ್ ಬಿಟ್ಟು ಒಂದೇ ಸಲ ಆಪರೇಷನ್ ಮಾಡಿಸಿದ್ರೆ ವಾಸಿ ಆಗುತ್ತಾ" ಅಂತಲೂ ಕೇಳಿದ್ದೀರಿ. ವಾಸಿ ಅನ್ನುವ ಲೆಕ್ಕವೇ ಇಲ್ಲಿಲ್ಲ. ಪೊರೆ ತೆಗೆದರೆ ನೋಟ ಬರುತ್ತದೆ, ಇದರಲ್ಲಿ ಬರುವುದಿಲ್ಲ. ಡ್ರಾಪ್ಸ್, ಲೇಸರ್, ಆಪರೇಷನ್ ಮೂರೂ ಮಾಡುವುದು ಪ್ರೆಶರ್ ಇಳಿಸುವ ಕೆಲಸ. ಲೇಸರ್‌ನಿಂದ ಕೆಲವರಿಗೆ ಡ್ರಾಪ್ಸ್ ತಪ್ಪುವುದೂ ಉಂಟು, ಆದರೆ ಚೆಕಪ್ ಯಾರಿಗೂ ತಪ್ಪುವುದಿಲ್ಲ. ಯಾವುದು ಅನ್ನುವುದನ್ನು ಕಣ್ಣು ನೋಡಿದ ಡಾಕ್ಟರು ಹೇಳಲಿ. ಪ್ರೆಶರ್ 1 ಅಂಕಿ ಇಳಿದರೆ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು ಶೇ 10ರಷ್ಟು ತಗ್ಗುತ್ತದೆ ಅಂತ ಸ್ವೀಡನ್ನಿನ ಅಧ್ಯಯನವೊಂದು 2003ರಲ್ಲಿ ತೋರಿಸಿದೆ. ನಾನು ಎರಡು ಮಳೆಗಾಲ ಕೈಬಿಟ್ಟಿದ್ದು 11 ಅಂಕಿಯನ್ನು. ಪ್ರೆಶರ್ 21ರ ಒಳಗಿದ್ದೂ ನರ ಹಾಳಾಗುವವರಿದ್ದಾರೆ. ಅದಕ್ಕೇ ಬರೀ ಅಂಕಿ ನೋಡಿ ಸಮಾಧಾನ ಪಡಬೇಡಿ, ನರವನ್ನೂ ನೋಡಿಸಿ.

ಡ್ರಾಪ್ಸ್ ಹಾಕುವುದನ್ನೂ ನನಗೆ ಎರಡನೇ ಸಲ ಸರಿಯಾಗಿ ಕಲಿಸಿದರು. ಒಂದೇ ಹನಿ ಸಾಕು. ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಲ್ಲಿ ಎರಡು ನಿಮಿಷ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಔಷಧಿ ಮೂಗಿಗೆ, ಗಂಟಲಿಗೆ ಇಳಿಯುತ್ತದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ಅಪ್ಪನಿಗೆ ಉಬ್ಬಸ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಟಿಮೊಲಾಲ್ ಅನ್ನುವ ಡ್ರಾಪ್ಸ್ ಅಂಥವರಿಗೆ ಆಗಿಬರುವುದಿಲ್ಲ. ಉರಿ ಜಾಸ್ತಿ ಆದರೆ ಬೇರೆ ಬರೆಸಿಕೊಳ್ಳಿ, ನೀವಾಗಿ ಬಿಡಬೇಡಿ. ಮಳೆಗಾಲಕ್ಕೆ ಮುಂಚೆಯೇ ಒಂದು ಬಾಟಲಿ ಜಾಸ್ತಿ ತಂದಿಡಿ.

ಕಣ್ಣು ಕೆಂಪಾಯಿತು ಅಂತ ಮೆಡಿಕಲ್‌ನಲ್ಲಿ ಕೇಳಿ ತರುವ ಡ್ರಾಪ್ಸ್ ಬಗ್ಗೆ ನನಗೆ ಈಗ ಭಯವಿದೆ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ, ತಿಂಗಳುಗಟ್ಟಲೆ ಹಾಕಿದರೆ ಅದೇ ಪ್ರೆಶರ್ ಏರಿಸಬಹುದು. ಇನ್ನೊಂದು ಬಗೆಯ ಗ್ಲಾಕೋಮಾ ಇದ್ದಕ್ಕಿದ್ದಂತೆ ಬರುತ್ತದೆ: ಒಂದು ಕಣ್ಣಲ್ಲಿ ವಿಪರೀತ ನೋವು, ಕೆಂಪು, ದೀಪದ ಸುತ್ತ ಬಣ್ಣದ ಬಳೆ, ವಾಂತಿ. ನಮ್ಮ ಕಡೆ ಪಿತ್ತ ಕೆರಳಿದೆ ಅಂತ ಕಷಾಯ ಕುಡಿಸಿ ಮಲಗಿಸುತ್ತಾರೆ. ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ನಿಮ್ಮ ವಯಸ್ಸು ಬರೆದಿಲ್ಲ. ಎಷ್ಟೇ ಆಗಿರಲಿ, ಅಪ್ಪನ ಮುಂದಿನ ಚೆಕಪ್ ದಿನ ನಿಮ್ಮ ಹೆಸರಲ್ಲೂ ಒಂದು ಚೀಟಿ ಮಾಡಿಸಿ. ದುಡ್ಡಿನ ತೊಂದರೆ ಇದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ. ಕನ್ನಡಕದ ನಂಬರ್ ನೋಡಿ ಕಳಿಸಿದರೆ ಎದ್ದು ಬರಬೇಡಿ, ಅಪ್ಪನಿಗೆ ಗ್ಲಾಕೋಮಾ ಇದೆ ಅಂತ ಬಾಯಿಬಿಟ್ಟು ಹೇಳಿ, ಪ್ರೆಶರ್ ಮತ್ತು ನರ ಎರಡನ್ನೂ ನೋಡಿಸಿಕೊಂಡು ಬನ್ನಿ. ಅಣ್ಣ, ತಂಗಿ ಇದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.